ಇಪ್ಪತ್ತೊಂದು ಓಣಿಗಳ ನಾಡಿ

ನಮ್ಮ ಊರಿನಲ್ಲಿ ಡಾಕ್ಟರ ಬೋರ್ಡು ಓದುವ ರೀತಿಯೇ ಬೇರೆ. ಹೆಸರನ್ನು ಯಾರೂ ನೋಡುವುದಿಲ್ಲ, ಡಿಗ್ರಿಯಂತೂ ಯಾರಿಗೂ ಬೇಕಾಗಿಲ್ಲ. ಅದರ ಕೆಳಗೆ ಸಾಲಾಗಿ ಬರೆದಿರುವ ಓಣಿಗಳ ಹೆಸರನ್ನು ನೋಡುತ್ತಾರೆ. ತಮ್ಮ ಓಣಿ ಇದ್ದರೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಇಲ್ಲದಿದ್ದರೆ ಮುಂದಿನ ಬೋರ್ಡಿಗೆ ಹೋಗುತ್ತಾರೆ. ಯಾಕೆಂದರೆ ಇಲ್ಲಿ ಒಂದು ಓಣಿಯ ಮನೆಯೊಳಗೆ ಕೂತು, ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಂಡವರ ಬೆರಳಿಗೆ ಮಾತ್ರ ಆ ಓಣಿಯವರ ನಾಡಿ ಸಿಗುತ್ತದೆ. ಒಂದು ಮನೆಯಲ್ಲಿ ಉಂಡರೆ ಸಾಕು, ಇಡೀ ಓಣಿ ಸಿಕ್ಕಿತು. ಉಣ್ಣದಿದ್ದರೆ ಸಂಜೆತನಕ ಮಣಿಕಟ್ಟು ಹಿಡಿದು ಕೂತರೂ ಕಟ್ಟಿಗೆ ಹಿಡಿದ ಹಾಗೆಯೇ. ಸ್ಟೆತಸ್ಕೋಪಿಗೂ ಇದೇ ಕಾನೂನು. ಹೊರಗಿನಿಂದ ವರ್ಗವಾಗಿ ಬಂದ ಡಾಕ್ಟರೊಬ್ಬರು ಮೊದಲ ವಾರ ಮೂರು ಹೊಸ ಸ್ಟೆತಸ್ಕೋಪು ತರಿಸಿದರು, ಎರಡನೇ ವಾರ ತಮ್ಮ ಕಿವಿಯನ್ನೇ ಪರೀಕ್ಷೆ ಮಾಡಿಸಿಕೊಂಡರು, ಕೊನೆಗೆ ಪೇಟೆ ಓಣಿಯ ಒಂದು ಸೀಮಂತದಲ್ಲಿ ಹೊಟ್ಟೆ ತುಂಬ ಉಂಡು ಬಂದ ಮೇಲೆ ನೆಮ್ಮದಿಯಾದರು.

ನನ್ನ ಹೆಸರು ಕಟಗೇರಿ. ಊರಿನ ಮೆಡಿಕಲ್ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನು. ನನ್ನ ಬೋರ್ಡಿನ ಮೇಲೆ ಒಂಬತ್ತು ಓಣಿಗಳಿದ್ದವು. ಒಂಬತ್ತು ಅಂದರೆ ನಮ್ಮ ಕಾಲಕ್ಕೆ ಕಡಿಮೆಯಲ್ಲ. ಹುಟ್ಟಿ ಬೆಳೆದ ಕೋಟೆ ಓಣಿ ತಾನಾಗಿ ಬಂದದ್ದು, ಉಳಿದ ಎಂಟು ಮದುವೆ, ಮುಂಜಿವೆ, ಗೃಹಪ್ರವೇಶ ಅಂತ ತಿರುಗಿ ಹೊಟ್ಟೆ ಕೆಡಿಸಿಕೊಂಡು ಸಂಪಾದಿಸಿದ್ದು. ಆದರೆ ಊರಿನಲ್ಲಿ ಇದ್ದದ್ದು ಇಪ್ಪತ್ತೊಂದು ಓಣಿ. ತೊಗಲು ಓಣಿ, ಬುಟ್ಟಿ ಓಣಿ, ಬಲೆ ಓಣಿ, ಬೀಡಿ ಓಣಿ ಇಂಥ ಹನ್ನೆರಡರಲ್ಲಿ ನಮ್ಮಂಥವರು ಉಂಡವರೇ ಅಲ್ಲ. ಕರೆಯುವ ಧೈರ್ಯ ಅವರಿಗಿರಲಿಲ್ಲ, ಕರೆದರೆ ಹೋಗುವ ಮನಸ್ಸು ನಮಗಿರಲಿಲ್ಲ. ಆ ಓಣಿಗಳ ರೋಗಿಗಳಿಗಾಗಿ ಆಸ್ಪತ್ರೆಯಲ್ಲಿ ಎಂಟನೇ ವಾರ್ಡು ಇತ್ತು. ಅಲ್ಲಿ ನಾಲಿಗೆ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಒಂದು ಅಂದಾಜಿನ ಮೇಲೆ ಔಷಧಿ ಬರೆಯುತ್ತಿದ್ದೆವು. ಸಿಸ್ಟರುಗಳು, ಆಯಾಗಳು, ನಾವು ಎಲ್ಲರೂ ಅದನ್ನು ಅಂದಾಜು ವಾರ್ಡು ಎಂದೇ ಕರೆಯುತ್ತಿದ್ದೆವು. ಹನ್ನೊಂದು ವರ್ಷ ಅದರ ಮುಖ್ಯಸ್ಥ ನಾನೇ ಆಗಿದ್ದೆ. ಆ ಹೆಸರು ಕೇಳಿ ನನಗೆ ಒಂದು ದಿನವೂ ನಾಚಿಕೆಯಾಗಿರಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು.

ಕಾಲೇಜಿಗೆ ಸೇರುವುದಕ್ಕೆ ಕೈ ಪರೀಕ್ಷೆ ಅಂತ ಒಂದಿತ್ತು. ಕೋಟೆ, ಪೇಟೆ, ಸರಾಫ, ಅಗಸಿ, ದೇಸಾಯಿ ಈ ಐದು ಓಣಿಗಳ ಐದು ಜನರನ್ನು ಬೆಂಚಿನ ಮೇಲೆ ಕೂರಿಸುವುದು, ಐವರ ನಾಡಿಯನ್ನೂ ಎಣಿಸಿ ಹೇಳಿದ ಹುಡುಗರಿಗೆ ಸೀಟು ಕೊಡುವುದು. ಆ ಐದು ಓಣಿಗಳಲ್ಲಿ ಊಟಕ್ಕೆ ಕರೆಸಿಕೊಳ್ಳುವ ಮನೆತನದ ಮಕ್ಕಳೇ ಪಾಸಾಗುತ್ತಿದ್ದರು. ಇದಕ್ಕೆ ನಾವು ಮೆರಿಟ್ ಅಂತ ಹೆಸರಿಟ್ಟುಕೊಂಡಿದ್ದೆವು.

ಡಾಕ್ಟರ್ ತುಂಗವ್ವ ಮೇದಾರ ಈ ಪರೀಕ್ಷೆಯಲ್ಲಿ ಎರಡು ಸಲ ಫೇಲಾದವರು. ಬುಟ್ಟಿ ಓಣಿಯ ಹೆಣ್ಣುಮಗಳು. ದೂರದ ಊರಿಗೆ ಹೋಗಿ ಓದಿ, ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹೆಸರು ಮಾಡಿ, ಐವತ್ತನೇ ವಯಸ್ಸಿಗೆ ನಮ್ಮದೇ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬಂದರು. ಗಿಡ್ಡ ಆಳು, ದಪ್ಪ ಕನ್ನಡಕ, ಕಾಟನ್ ಸೀರೆ, ಮಾತು ಕಡಿಮೆ. ಬಂದ ಮೊದಲ ಆರು ತಿಂಗಳು ಅವರು ಮಾಡಿದ್ದು ಒಂದೇ ಕೆಲಸ, ಊಟ. ಕರೆದವರ ಮನೆಗೆ ಹೋದರು, ಕರೆಯದವರ ಮನೆಗೆ ತಾವಾಗಿಯೇ ಹೇಳಿ ಕಳಿಸಿ ಹೋದರು. ಊರು ಅವರನ್ನು ಹೊಟ್ಟೆಬಾಕಿ ಅಂದಿತು. ಆರು ತಿಂಗಳು ತುಂಬಿದ ಮೇಲೆ ಕೌನ್ಸಿಲ್ ಸಭೆ ಕರೆದು, ಇನ್ನು ಕೈ ಪರೀಕ್ಷೆ ಇಲ್ಲ ಎಂದರು. ಪ್ರತಿ ಓಣಿಗೂ ಎರಡು ಸೀಟು, ಹುಡುಗರು ತಮ್ಮ ಓಣಿಯ ನಾಡಿಯೊಂದನ್ನೇ ತಂದರೂ ಸಾಕು. ಆದರೆ ಡಾಕ್ಟರಾಗಿ ಹೊರಗೆ ಹೋಗುವ ಹೊತ್ತಿಗೆ ಇಪ್ಪತ್ತೊಂದೂ ಓಣಿಗಳ ನಾಡಿ ಕೈಯಲ್ಲಿರಬೇಕು, ಕೊನೆಯ ಪರೀಕ್ಷೆಯ ರೋಗಿಯನ್ನು ಚೀಟಿ ಎತ್ತಿ ಆರಿಸಬೇಕು ಎಂದರು.

ಸಭೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ನಿಂತವನು ನಾನು. ಕಾಲೇಜಿನ ಮಟ್ಟ ನೆಲಕ್ಕೆ ಬೀಳುತ್ತದೆ ಅಂತ ಅರ್ಧ ಗಂಟೆ ಮಾತಾಡಿದೆ. ಆಕೆ ಪೂರ್ತಿ ಕೇಳಿಸಿಕೊಂಡರು.

ನಾನು ಕೂತ ಮೇಲೆ ಕೇಳಿದರು: “ಎಂಟನೇ ವಾರ್ಡಿನಾಗ ಹನ್ನೊಂದು ವರ್ಷ ಇದ್ರಿ ಸರ. ಎಷ್ಟು ನಾಡಿ ಸಿಕ್ಕಾವು ನಿಮಗ?”

ಸಿಕ್ಕಿದ್ದು ಸೊನ್ನೆ. ಅದೇ ಸಿಟ್ಟಿಗೆ ಎರಡು ತಿಂಗಳು ಆಕೆಯ ಮುಖ ನೋಡಿ ಮಾತಾಡಲಿಲ್ಲ. ಕೌನ್ಸಿಲ್ ಕೊನೆಗೆ ಒಪ್ಪಿತು, ಆದರೆ ಒಂದು ಕೊಕ್ಕೆ ಹಾಕಿತು. ಹೊಸ ಪದ್ಧತಿಯ ಮೊದಲ ತಂಡ ಐದು ವರ್ಷದ ನಂತರ ಹೊರಗಿನ ಪರೀಕ್ಷಕರ ಮುಂದೆ ಕೂರಬೇಕು. ನಲವತ್ತೆರಡು ಜನರಲ್ಲಿ ಒಬ್ಬರು ಫೇಲಾದರೂ ಹಳೆಯ ಕೈ ಪರೀಕ್ಷೆ ಮತ್ತೆ ಜಾರಿಗೆ ಬರುತ್ತದೆ, ಪ್ರಿನ್ಸಿಪಾಲರು ಮನೆಗೆ ಹೋಗುತ್ತಾರೆ. ಆ ಕೊಕ್ಕೆಯನ್ನು ಬರೆದುಕೊಟ್ಟ ಅಕ್ಷರವೂ ನನ್ನದೇ. ಮೇದಾರ ಮೇಡಂ ಓದಿ, ಸಹಿ ಹಾಕಿದರು.

ಆಮೇಲೆ ಶುರುವಾಯಿತು ಗುರುವಾರದ ಊಟ. ಪ್ರತಿ ಗುರುವಾರ ಮಧ್ಯಾಹ್ನ ಪಾಠ ಬಂದ್, ಹುಡುಗರೆಲ್ಲ ಒಂದೊಂದು ಓಣಿಗೆ. ತುಪ್ಪದ ಘಮಕ್ಕೆ ಹುಟ್ಟಿದ ಸರಾಫ ಓಣಿಯ ಹುಡುಗ ಬಲೆ ಓಣಿಯಲ್ಲಿ ಒಣಮೀನು ತಿಂದು ಎರಡು ದಿನ ಮಲಗಿದ, ಮೂರನೇ ದಿನ ಎದ್ದು ಹೋಗಿ ಇನ್ನೊಂದು ತುತ್ತು ಕೇಳಿದ. ಬೀಡಿ ಓಣಿಯ ಹುಡುಗಿಗೆ ದೇಸಾಯಿ ಓಣಿಯಲ್ಲಿ ಜಗುಲಿಯ ಮೇಲೆ ಎಲೆ ಹಾಕಿದರು, ಅವಳಿಗೆ ನಾಡಿ ಸಿಗಲಿಲ್ಲ. ಮೇಡಂ ಆ ಮನೆಯವರಿಗೆ ಬೈಯಲಿಲ್ಲ. ಮುಂದಿನ ಗುರುವಾರ ತಾವೂ ಅವಳ ಜೊತೆ ಹೋಗಿ ಜಗುಲಿಯ ಮೇಲೆ ಸುಮ್ಮನೆ ಕೂತರು, ಮರು ಗುರುವಾರವೂ ಕೂತರು. ನಾಲ್ಕನೇ ಗುರುವಾರ ಮನೆಯವರೇ ಬಾಗಿಲು ತೆರೆದು ಒಳಗೆ ಕರೆದರು.

ಮೇಡಂಗೂ ಇನ್ನೂ ನಾಡಿ ಸಿಗದೆ ಉಳಿದಿದ್ದ ತೊಗಲು ಓಣಿಗೆ ಒಮ್ಮೆ ನನ್ನನ್ನೂ ಕರೆದುಕೊಂಡು ಹೋದರು. ವಿಭಾಗದ ಮುಖ್ಯಸ್ಥನಾಗಿ ಬರಲೇಬೇಕೆಂದು ಕಾಗದದ ಮೇಲೆ ಬರೆದು ಕಳಿಸಿದ್ದರಿಂದ ಹೋದೆ. ಚಪ್ಪಲಿ ಹೊಲಿಯುವ ದುರಗವ್ವ ಎಂಬಾಕೆಯ ಮನೆ. ಆಕೆಯ ಮಗಳು ಹುಲಿಗೆವ್ವ ಹೊಸ ಪದ್ಧತಿಯ ಮೊದಲ ತಂಡದಲ್ಲಿದ್ದಳು. ಹೊಸ ಸ್ಟೀಲ್ ತಾಟು, ಬಿಳಿ ಅನ್ನ, ಸಾರು, ಎರಡು ಪಲ್ಯ, ಜಾಮೂನು. ನನಗೆ ಒಳಗೊಳಗೇ ಖುಷಿಯಾಯಿತು, ಇದು ನಾನು ಉಣ್ಣಬಹುದಾದ ಊಟ ಅಂತ. ಉಂಡ ಮೇಲೆ ಮೇಡಂ ದುರಗವ್ವನ ಕೈ ಹಿಡಿದರು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು, ನಾಡಿ ಸಿಗದೆ ನಕ್ಕರು. ಊಟ ಸ್ಟೇಶನ್ ಖಾನಾವಳಿಯದು, ಅಲ್ಲವೇ ಎಂದು ಕೇಳಿದರು. ದುರಗವ್ವ ತಲೆ ತಗ್ಗಿಸಿದಳು. ಅಷ್ಟು ದೊಡ್ಡವರಿಗೆ ನಮ್ಮ ಮನೆಯದನ್ನು ಹೇಗೆ ಹಾಕುವುದು ಅಂತ ಅವಳ ಸಂಕಟ. ಮೇಡಂ ತಮ್ಮ ಅವ್ವನೂ ಮಾಸ್ತರರು ಮನೆಗೆ ಬಂದಾಗ ಹೀಗೇ ಮಾಡಿದ್ದಳೆಂದು ಹೇಳಿ, ತಾವೇ ಎದ್ದು ಒಲೆಯ ಮೇಲಿನ ಗಡಿಗೆಯ ಮುಚ್ಚಳ ತೆಗೆದು, ಅದರೊಳಗಿದ್ದದ್ದನ್ನು ಬಡಿಸಿಕೊಂಡು ಉಂಡರು. ನಾನು ಅಲ್ಸರ್ ಇದೆ ಅಂತ ಹೇಳಿ ಕೈ ತೊಳೆದೆ. ನನಗೆ ಅಲ್ಸರ್ ಇರಲಿಲ್ಲ.

ನನ್ನ ತಪ್ಪು ನಡೆದದ್ದು ಅದಾದ ಮರುವರ್ಷ. ಕೋಟೆ ಓಣಿಯ ಊಟಕ್ಕೆ ಹುಲಿಗೆವ್ವನ ಪಾಳಿ ಬಂತು, ಮತ್ತು ಮನೆ ನನ್ನದು ಬಂತು. ಮನೆಯಲ್ಲಿ ನನ್ನ ತಾಯಿ ಅಂಬಕ್ಕ, ಎಂಬತ್ತು ದಾಟಿದವಳು. ಅಡುಗೆಮನೆ ಈಗಲೂ ಅವಳ ಕೈಯಲ್ಲೇ. ಕೈ ನೋಡುವವರು ಮುಟ್ಟಿದರೆ ನಡೆಯುತ್ತದೆ, ಒಲೆಯ ಹತ್ತಿರ ಮಾತ್ರ ಮಡಿಯೆಂದರೆ ಮಡಿ. ತೊಗಲು ಓಣಿಯ ಹುಡುಗಿಗೆ ಅವಳ ಒಲೆಯಿಂದ ಬಡಿಸು ಅಂತ ಕೇಳುವುದು ಹೇಗೆ? ಕೇಳಿದರೆ ಜಗಳ, ಜಗಳದ ಮೇಲೆ ಉಪವಾಸ, ಉಪವಾಸದ ಮೇಲೆ ಅಕ್ಕನ ಮನೆಯಿಂದ ಫೋನು. ಅದರ ಬದಲು ನಿನ್ನ ಮೊಣಕಾಲು ನೋಯುತ್ತಿದೆ, ಇವತ್ತು ಅಡುಗೆ ಬೇಡ ಅಂತ ಹೇಳಿ ಖಾನಾವಳಿಯಿಂದ ಕ್ಯಾರಿಯರ್ ತರಿಸಿದೆ. ಹುಡುಗಿಯನ್ನು ನಡುಮನೆಯಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡು ಉಂಡೆ. ಇದಕ್ಕಿಂತ ಹೆಚ್ಚು ಇನ್ನೇನು ಬೇಕು ಅಂತ ನನ್ನನ್ನು ನಾನೇ ಹೊಗಳಿಕೊಂಡೆ. ಉಂಡ ಮೇಲೆ ಆಕೆ ನನ್ನ ತಾಯಿಯ ಕೈ ಹಿಡಿದಳು. ಸ್ವಲ್ಪ ಹೊತ್ತಾದ ಮೇಲೆ ಬಂತ್ರಿ ಅಂದಳು. ಕ್ಯಾರಿಯರಿನ ಊಟಕ್ಕೆ ನಾಡಿ ಬರುವುದಿಲ್ಲ ಎಂಬುದನ್ನು ನಾನು ದುರಗವ್ವನ ಮನೆಯಲ್ಲೇ ಕಣ್ಣಾರೆ ನೋಡಿದ್ದೆ. ಆದರೂ ಆಕೆಯೇ ಬಂತು ಅಂದಮೇಲೆ ನನಗೇಕೆ ಬೇಕು ಅಂತ ರಿಜಿಸ್ಟರಿನಲ್ಲಿ ಟಿಕ್ ಹಾಕಿದೆ.

ಐದನೇ ವರ್ಷ ಪರೀಕ್ಷೆ ಬಂತು. ಮೂವರು ಹೊರಗಿನ ಪರೀಕ್ಷಕರು, ಕಾಲೇಜಿನ ದೊಡ್ಡ ಹಾಲ್, ಇಪ್ಪತ್ತೊಂದು ಓಣಿಗಳ ಇಪ್ಪತ್ತೊಂದು ರೋಗಿಗಳು. ಹೊರಗಿನವರಿಗೆ ನಮ್ಮ ನಾಡಿ ಸಿಗುವುದಿಲ್ಲವಾದ್ದರಿಂದ ಆಯಾ ಓಣಿ ಬಲ್ಲ ಡಾಕ್ಟರು ಮೊದಲೇ ನೋಡಿ, ಬರೆದು, ಲಕೋಟೆಗೆ ಅರಗು ಹಾಕಿ ಕೊಟ್ಟಿದ್ದೆವು. ಎರಡು ದಿನ ನಡೆಯಿತು. ಸರಾಫ ಓಣಿಯ ಹುಡುಗನಿಗೆ ಬಲೆ ಓಣಿ ಬಂತು, ಪಾಸು. ಬೀಡಿ ಓಣಿಯ ಹುಡುಗಿಗೆ ದೇಸಾಯಿ ಓಣಿ ಬಂತು, ಪಾಸು. ಒಬ್ಬೊಬ್ಬರು ಪಾಸಾದಂತೆ, ಬೇಡವೆಂದರೂ, ನನ್ನ ಎದೆ ಉಬ್ಬುತ್ತಿತ್ತು. ಎಷ್ಟೆಂದರೂ ಪಾಠ ಹೇಳಿದವನು ನಾನು. ಎರಡನೇ ದಿನ ಮೂರೂವರೆಗೆ ನಲವತ್ತೊಂದು ಜನ ಮುಗಿದು ಒಬ್ಬಳು ಉಳಿದಳು. ಹುಲಿಗೆವ್ವ ಬಂದು ತಂಬಿಗೆಯಲ್ಲಿ ಕೈ ಹಾಕಿ ಚೀಟಿ ಎತ್ತಿದಳು. ಕೋಟೆ ಓಣಿ.

ರೋಗಿ ಗೋವಿಂದಪ್ಪ, ನಿವೃತ್ತ ಪೋಸ್ಟ್ ಮಾಸ್ತರ್, ನನ್ನ ಮನೆಯಿಂದ ಮೂರನೇ ಮನೆಯವರು. ಆಕೆ ಅವರ ಕೈ ಹಿಡಿದಳು. ಒಂದು ನಿಮಿಷವಾಯಿತು, ಎರಡಾಯಿತು. ಬೆರಳು ಬದಲಾಯಿಸಿದಳು. ಪಾಪ, ಗೋವಿಂದಪ್ಪನವರೇ ಅಂಗಿಯ ತೋಳು ಮೇಲೆ ಸರಿಸಿ ಅನುಕೂಲ ಮಾಡಿಕೊಟ್ಟರು. ಕೊನೆಗೆ ಹುಲಿಗೆವ್ವ ಕೈ ಬಿಟ್ಟು ಎದ್ದು ನಿಂತು ಸಿಗವಲ್ದ್ರಿ ಅಂದಳು. ಕೌನ್ಸಿಲ್ಲಿನ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಬ್ಬರಂತೂ ಆಗಲೇ ಫೈಲಿನ ದಾರ ಬಿಚ್ಚುತ್ತಿದ್ದರು. ಮೇದಾರ ಮೇಡಂ ಕುರ್ಚಿ ಬಿಟ್ಟು ಏಳಲಿಲ್ಲ. ಹುಡುಗಿಯ ಮೇಲೆ ಅವರಿಗೆ ಎಷ್ಟು ಭರವಸೆಯಿತ್ತೆಂದರೆ, ಏನೋ ಬೇರೆ ಕಾರಣವಿದೆ ಅಂತ ಅವರ ಮುಖವೇ ಹೇಳುತ್ತಿತ್ತು.

ಐದು ವರ್ಷದ ಹಿಂದಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಅವತ್ತು ಸುಮ್ಮನಿರಲು ಆಗಲಿಲ್ಲ. ಎದ್ದು ನಿಂತು, ಆಕೆಯ ಕೈಯಲ್ಲಿ ದೋಷವಿಲ್ಲ, ದೋಷ ನನ್ನ ಮನೆಯದು, ನಾನು ಆಕೆಗೆ ಉಣಿಸಿದ್ದು ಖಾನಾವಳಿಯ ಊಟ ಅಂತ ಎಲ್ಲರ ಮುಂದೆ ಹೇಳಿದೆ. ಮುಖ್ಯ ಪರೀಕ್ಷಕರು ಒಳ್ಳೆಯ ಮನುಷ್ಯರು. ಹಾಗಿದ್ದರೆ ಇನ್ನೊಂದು ಚೀಟಿ ಎತ್ತಲಿ, ಯಾರೂ ಆಕ್ಷೇಪಿಸುವುದಿಲ್ಲ ಎಂದರು. ಕೌನ್ಸಿಲ್ಲಿನವರೂ ತಲೆಯಾಡಿಸಿದರು.

ಬೇಡ ಎಂದವರು ಮೇದಾರ ಮೇಡಂ. “ನಾಳೆ ಕೋಟಿ ಓಣಿ ಪೇಶಂಟ್ ಈಕಿ ಮುಂದ ಬಂದು ಕುಂತ್ರ, ಇನ್ನೊಂದು ಚೀಟಿ ಎತ್ತತೀನಿ ಅಂತ ಹೇಳಾಕ ಬರ್ತದೇನ್ರಿ? ಪರೀಕ್ಷಾ ಐದರ ತನಕ ಅದ. ನಡೀರಿ ಕಟಗೇರಿ ಸರ, ನಿಮ್ಮ ಮನಿಗೆ ಹೋಗೂಣು.”

ಆಕೆ ನನಗೆ ಒಂದು ಬಿರುಸು ಮಾತೂ ಆಡಲಿಲ್ಲ. ಬೈದಿದ್ದರೆ ನಡೆಯುವುದು ಸುಲಭವಾಗುತ್ತಿತ್ತು. ಮುಂದೆ ನಾನು, ಹಿಂದೆ ಮೇಡಂ ಮತ್ತು ಹುಲಿಗೆವ್ವ, ಅವರ ಹಿಂದೆ ಟೈ ಕಟ್ಟಿದ ಮೂವರು ಪರೀಕ್ಷಕರು, ಅವರ ಹಿಂದೆ ಪಾಸಾದ ನಲವತ್ತೊಂದು ಹುಡುಗ ಹುಡುಗಿಯರು. ಕೋಟೆ ಓಣಿಯ ಜನ ಬಾಗಿಲಿಗೆ ಬಂದು ನಿಂತು, ಯಾರ ಮನೆಯಲ್ಲಿ ಏನಾಯಿತು ಅಂತ ವಿಚಾರಿಸುತ್ತಿದ್ದರು.

ತಾಯಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದೆ. ಅವತ್ತಿನ ಕ್ಯಾರಿಯರ್, ಮೊಣಕಾಲಿನ ನೆಪ, ಇವತ್ತಿನ ಚೀಟಿ. ನಿನ್ನ ಮಡಿಗೆ ಹೆದರಿ ಹಾಗೆ ಮಾಡಿದೆ ಅಂತಲೂ ಹೇಳಿದೆ. ತಾಯಿ ಮೊರದಲ್ಲಿದ್ದ ಅಕ್ಕಿಯನ್ನು ಪಕ್ಕಕ್ಕೆ ಸರಿಸಿದಳು.

“ನೀ ನನ್ನ ಕೇಳಿದ್ದೇನು?” ಅಂದಳು. “ಕೇಳಿದ್ರ ಆವತ್ತು ಒಲ್ಲೆ ಅಂತಿದ್ನೋ ಏನೋ, ಖರೇ ಹೇಳ್ತೀನಿ. ಆದ್ರ ನೀ ಕೇಳಲೇ ಇಲ್ಲ. ನಿನ್ನ ಅಂಜಿಕಿಗೆ ನನ್ನ ಹೆಸರು ಹಚ್ಚಿ ಕೂತಿ.”

ಎಂಬತ್ತನಾಲ್ಕು ವರ್ಷದ ತಾಯಿ ಅರವತ್ತರ ಮಗನಿಗೆ, ಅವನ ವಿದ್ಯಾರ್ಥಿಗಳ ಮುಂದೆ, ಹೇಳಿದ ಮಾತು ಅದು. ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು. ಬಾಗಿಲಲ್ಲಿ ನಿಂತಿದ್ದ ಹುಲಿಗೆವ್ವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ತಾಯಿ ಬಾರವಾ ಅಂತ ಹುಡುಗಿಯ ರಟ್ಟೆ ಹಿಡಿದು, ಪಡಸಾಲೆ ದಾಟಿ, ನಡುಮನೆ ದಾಟಿ, ನಾನೇ ಸ್ನಾನ ಮಾಡದೆ ಕಾಲಿಡದ ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಪಕ್ಕ ಮಣೆ ಹಾಕಿದಳು. ಆ ಹೊತ್ತಿನಲ್ಲಿ ಇದ್ದದ್ದು ಬೆಳಗಿನ ಜೋಳದ ಭಕ್ಕರಿ, ಶೇಂಗಾ ಚಟ್ನಿ, ಮೊಸರು. ಅದನ್ನೇ ತಾಟಿಗೆ ಹಾಕಿದಳು. ಪರೀಕ್ಷಕರಿಗೆ ಚಹಾ ಕೊಡಲೇ ಎಂದು ನಾನು ಕೇಳಿದ್ದಕ್ಕೆ, ಕೂಸು ಉಣ್ಣುವ ತನಕ ಯಾರಿಗೂ ಏನೂ ಇಲ್ಲ, ಎಲ್ಲರೂ ಸುಮ್ಮನೆ ಕೂತಿರಿ ಅಂತ ಒಳಗಿನಿಂದಲೇ ಗದರಿದಳು. ಮೂವರು ಪರೀಕ್ಷಕರು ಶಾಲೆಯ ಮಕ್ಕಳ ಹಾಗೆ ಗೋಡೆಗೆ ಒರಗಿ ಕೂತರು.

ಉಂಡಾದ ಮೇಲೆ ತಾಯಿಯೇ ಕೈ ಚಾಚಿದಳು. ಹುಲಿಗೆವ್ವ ಮೂರು ಬೆರಳು ಇಟ್ಟಳು, ಇಟ್ಟವಳೇ ಅಳತೊಡಗಿದಳು. ಆವತ್ತು ಬಂತು ಅಂತ ಯಾಕೆ ಹೇಳಿದೆ ಅಂತ ತಾಯಿ ಕೇಳಿದಳು. ತನ್ನ ಕೈಯೇ ಸರಿಯಿಲ್ಲ ಅಂದುಕೊಂಡಳಂತೆ, ಅದೂ ಅಲ್ಲದೆ ಸರ್ ಮನೆಯ ಊಟಕ್ಕೆ ನಾಡಿ ಬರಲಿಲ್ಲ ಅಂದರೆ ಸರ್ ಮರ್ಯಾದೆ ಹೋಗುತ್ತದೆ ಅಂತ ಹೆದರಿದಳಂತೆ. ನನ್ನ ಮರ್ಯಾದೆ ಉಳಿಸಲು ಆ ಹುಡುಗಿ ತನ್ನ ಡಾಕ್ಟರಿಕೆಯನ್ನೇ ಪಣಕ್ಕಿಟ್ಟಿದ್ದಳು. ಅದನ್ನು ಕೇಳಿ ನಾನು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಾಲ್ಕೂ ಮುಕ್ಕಾಲಿಗೆ ಹಾಲ್‌ಗೆ ಮರಳಿದೆವು. ಗೋವಿಂದಪ್ಪನವರು ಕೂತಲ್ಲೇ ನಿದ್ದೆ ಹೋಗಿದ್ದರು. ಹುಲಿಗೆವ್ವ ಅವರನ್ನು ಎಬ್ಬಿಸಿ, ಕೈ ಹಿಡಿದು, ಈ ಸಲ ತಡವಿಲ್ಲದೆ ಹೇಳಿದಳು: ನಿಮಿಷಕ್ಕೆ ಎಪ್ಪತ್ತಾರು, ಆರು ಬಡಿತಕ್ಕೊಮ್ಮೆ ಒಂದು ತಪ್ಪುತ್ತದೆ, ತಪ್ಪಿದ ಮೇಲಿನದು ಜೋರಾಗಿ ಬರುತ್ತದೆ. ಮುಖ್ಯ ಪರೀಕ್ಷಕರು ನನ್ನ ಲಕೋಟೆ ಒಡೆದರು. ಅಕ್ಷರಕ್ಕೆ ಅಕ್ಷರ ಅದೇ ಇತ್ತು. ಅವರು ಪೆನ್ನು ತೆಗೆಯುವಷ್ಟರಲ್ಲಿ ಆಕೆ, ಇನ್ನೂ ಒಂದಿದೆ, ಎಡಗೈಯ ನಾಡಿ ಬಲಗೈಗಿಂತ ಒಂದು ಎಳೆಯಷ್ಟು ತಡವಾಗಿ ಬರುತ್ತದೆ ಎಂದಳು. ಲಕೋಟೆಯಲ್ಲಿ ಅದಿರಲಿಲ್ಲ. ನಾನು ಹೋಗಿ ಗೋವಿಂದಪ್ಪನವರ ಎರಡೂ ಕೈ ಒಟ್ಟಿಗೆ ಹಿಡಿದೆ. ಇಪ್ಪತ್ತು ವರ್ಷದಿಂದ ಅವರ ಬಲಗೈ ಹಿಡಿಯುತ್ತ ಬಂದಿದ್ದ ನನಗೆ ಎಡಗೈ ಹಿಡಿಯುವುದು ಹೊಳೆದೇ ಇರಲಿಲ್ಲ. ಹುಡುಗಿ ಹೇಳಿದ್ದು ನಿಜವಾಗಿತ್ತು. ಎಂಟನೇ ವಾರ್ಡಿನಲ್ಲಿ ಮೇದಾರ ಮೇಡಂ ಎರಡೂ ಕೈ ಹಿಡಿಯದೆ ಯಾರನ್ನೂ ಮಂಚದಿಂದ ಏಳಲು ಬಿಡುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ನನಗಿಂತ ಮುಂದೆ ಹೋದಳು ಅಂತ ಮೂವರು ಪರೀಕ್ಷಕರ ಮುಂದೆ ನಾನೇ ಹೇಳಿದೆ. ಆ ಮಾತು ಹೇಳುವಾಗ ಆದಷ್ಟು ಹೆಮ್ಮೆ ನನಗೆ ಮೂವತ್ತೊಂದು ವರ್ಷದಲ್ಲಿ ಆಗಿರಲಿಲ್ಲ. ಹಾಲ್‌ನಲ್ಲಿ ಗದ್ದಲವೋ ಗದ್ದಲ. ಮೇಡಂ ಮಾತ್ರ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಬಹಳ ಹೊತ್ತು ಹಾಗೇ ಕೂತಿದ್ದರು. ಅವರನ್ನು ಎರಡು ಸಲ ಫೇಲು ಮಾಡಿದ ಹಾಲ್ ಅದೇ ಎಂಬುದು ನನಗೆ ನೆನಪಾದದ್ದು ಆಗ.

ಅವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ತೊಗಲು ಓಣಿಗೆ ಹೋದೆ. ದುರಗವ್ವ ನನ್ನನ್ನು ನೋಡಿ ಗಾಬರಿಯಾದಳು, ನಿಮ್ಮ ಅಲ್ಸರ್ ಹೇಗಿದೆ ಅಂತ ಕೇಳಿದಳು. ವಾಸಿಯಾಯಿತು, ಗಡಿಗೆಯಲ್ಲಿ ಏನಿದೆ ಅಂತ ಕೇಳಿದೆ. ಇದ್ದದ್ದನ್ನು ಉಂಡೆ. ಮರುದಿನ ಬೆಳಿಗ್ಗೆ ಎಂಟನೇ ವಾರ್ಡಿಗೆ ಹೋಗಿ ಮೊದಲ ಮಂಚದಲ್ಲಿದ್ದ ತೊಗಲು ಓಣಿಯ ಮುದುಕನ ಕೈ ಹಿಡಿದೆ. ನಾಡಿ ಬಂತು. ಹನ್ನೊಂದು ವರ್ಷ ಈ ಮಂಚದ ಪಕ್ಕ ನಿಂತು ಎಷ್ಟು ಕೈಗಳನ್ನು ಸುಮ್ಮನೆ ಹಿಡಿದು ಬಿಟ್ಟಿದ್ದೆ ಅಂತ ಲೆಕ್ಕ ಹಾಕುವ ಧೈರ್ಯ ನನಗಾಗಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ತಾಯಿಗೆ ಎಲ್ಲವನ್ನೂ ಹೇಳಿದೆ, ಹಿಂದಿನ ಸಂಜೆ ಎಲ್ಲಿ ಉಂಡೆ ಎಂಬುದನ್ನೂ ಬಿಡದೆ. ಅವಳು ನನ್ನ ತಾಟಿಗೆ ಅನ್ನ ಹಾಕಿದಳು, ತುಪ್ಪ ಹಾಕಿದಳು, ಎದುರಿಗೆ ಕೂತಳು. ಆ ಹುಡುಗಿ ಪಾಸಾದದ್ದು ಪೇಪರಿನಲ್ಲಿ ಬರುತ್ತದೆಯೇ ಅಂತ ಕೇಳಿದಳು. ಬರುತ್ತದೆ, ಪ್ರಿನ್ಸಿಪಾಲರ ಫೋಟೋದ ಜೊತೆ ಬರುತ್ತದೆ ಅಂದೆ.

“ಹಂಗಾದ್ರ ಬರೂ ಗುರುವಾರ ಇಬ್ಬರಿಗೂ ಊಟಕ್ಕ ಬಾ ಅಂತ ಹೇಳು,” ಅಂದಳು. “ಮುಂಜಾನೆನ ತಿಳಸು, ಹೋಳಿಗಿ ಮಾಡ್ತೀನಿ. ಅಂಬಕ್ಕ ತಂಗಳ ಭಕ್ಕರಿ ಹಾಕಿ ಡಾಕ್ಟರ್‌ನ ಮಾಡಿದ್ಲು ಅಂತ ಊರು ನಗಬಾರದು.”